ಹದಿನಾರು ಕಿಲೋ ಮುರು ಮೀನು ಮತ್ತು ನನ್ನ ಹಸಿರು ಸ್ಟಿಕ್ಕರ್

ಗಲ್ಫಿನಲ್ಲಿ ದುಡಿಯುವ ನಮ್ಮವರು ಎರಡು ವಸ್ತುಗಳ ತೂಕವನ್ನು ಮಾತ್ರ ಯಾವತ್ತೂ ನಿಜ ಹೇಳುವುದಿಲ್ಲ. ಒಂದು, ರಜೆಗೆ ಹೋಗುವಾಗಿನ ಪೆಟ್ಟಿಗೆ. ಇನ್ನೊಂದು, ಗಾಳಕ್ಕೆ ಬಿದ್ದ ಮೀನು. ಪೆಟ್ಟಿಗೆ ಮೂವತ್ಮೂರು ಕಿಲೋ ಇದ್ದರೂ ಅದು ವಿಮಾನದವರ ಮಿತಿಯಾದ ಮೂವತ್ತರ ಒಳಗೇ ಉಂಟು ಎಂದು ದೇವರ ಮೇಲೆ ಆಣೆ ಹಾಕುವ ಮನುಷ್ಯ, ಮೂರು ಕಿಲೋದ ಮೀನನ್ನು ಐದು ಕಿಲೋ ಎನ್ನಲು ಹಿಂದೆಮುಂದೆ ನೋಡುವುದಿಲ್ಲ. ಇದನ್ನೆಲ್ಲ ನಾನು ದೂರ ನಿಂತು ನೋಡಿ ನಗುತ್ತಿದ್ದವನು. ಯಾಕೆಂದರೆ ತೂಕ ನನ್ನ ಹೊಟ್ಟೆಪಾಡು. ಸೌದಿಯ ಜುಬೈಲಿನ ಒಂದು ಕಾರ್ಖಾನೆಯಲ್ಲಿ ತಕ್ಕಡಿ, ಮೀಟರುಗಳನ್ನೆಲ್ಲ ಪರೀಕ್ಷೆ ಮಾಡಿ, ಸರಿ ಇದ್ದರೆ ಹಸಿರು ಸ್ಟಿಕ್ಕರ್ ಅಂಟಿಸಿ ಸಹಿ ಹಾಕುವುದು ಹದಿನೇಳು ವರ್ಷಗಳಿಂದ ನನ್ನ ಕೆಲಸ. ನನ್ನ ಸಹಿ ಇಲ್ಲದ ತಕ್ಕಡಿಯಲ್ಲಿ ಅಲ್ಲಿ ಒಂದು ಚೀಲ ಪೌಡರೂ ತೂಗುವಂತಿಲ್ಲ. ಕೆಲಸಗಾರರೆಲ್ಲ ಉಳಿದುಕೊಳ್ಳುವ ಕ್ಯಾಂಪಿನಲ್ಲಿ ನನಗೆ ತೂಕದ ಶೆಟ್ರು ಎಂದೇ ಹೆಸರು. ಮೊದಲ ಸಲ ನೋಡಿದವರು ಅದು ನನ್ನ ಹೊಟ್ಟೆಯನ್ನು ನೋಡಿ ಇಟ್ಟ ಹೆಸರು ಎಂದುಕೊಳ್ಳುವುದುಂಟು.

ಇಂಥ ನಾನೂ ಒಂದು ಸಲ ತಕ್ಕಡಿಗೆ ಸುಳ್ಳು ಕಲಿಸಿದ್ದೆ. ಅದಕ್ಕೆ ಕಾರಣ ನನ್ನ ಹೆಂಡತಿ ಶಶಿಕಲಾ. ಅವಳು ಸುರತ್ಕಲ್ಲಿನಲ್ಲಿ ಇರುತ್ತಾಳೆ. ನಾನು ರಜೆ ಮುಗಿಸಿ ಹೊರಡುವ ಹಿಂದಿನ ದಿನ ಪೆಟ್ಟಿಗೆ ತುಂಬುವ ಪೂರ್ತಿ ಅಧಿಕಾರ ಅವಳದ್ದು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ, ಸೊಂಡಿಗೆ, ತೆಂಗಿನೆಣ್ಣೆ ಎಲ್ಲ ತುಂಬಿದ ಮೇಲೆ, ಜಾಗ ಇದ್ದರೆ, ನನ್ನ ಬಟ್ಟೆ. ಪೆಟ್ಟಿಗೆ ತೂಗುವ ಕೈತಕ್ಕಡಿ ಮೂವತ್ತು ತೋರಿಸಿದರೆ, ಇನ್ನು ಒಂದು ಡಬ್ಬಿಗೆ ಎಂತ ಆಗ್ಲಿಕ್ಕುಂಟು ಎಂದು ಅವಳು ಇನ್ನೊಂದನ್ನು ತುರುಕುತ್ತಾಳೆ. ಹೀಗೆ ಒಂದು ಸಲ ಮಂಗಳೂರು ವಿಮಾನ ನಿಲ್ದಾಣದಲ್ಲಿ, ನೂರಾರು ಜನರ ಎದುರು, ಪೆಟ್ಟಿಗೆಯನ್ನು ನೆಲದ ಮೇಲೆ ಬಿಚ್ಚಿ, ನನ್ನ ಒಳಚಡ್ಡಿಗಳ ನಡುವಿನಿಂದ ಎರಡು ಕಿಲೋ ಹಪ್ಪಳ ಹೊರತೆಗೆಯುವ ಯೋಗ ನನಗೆ ಒದಗಿತು. ಹಿಂದೆ ನಿಂತಿದ್ದವರಲ್ಲಿ ನನ್ನ ಕಾರ್ಖಾನೆಯ ಇಬ್ಬರಿದ್ದರು. ತೂಕದ ಶೆಟ್ರಿಗೇ ತೂಕ ಗೊತ್ತಾಗಲಿಲ್ಲವಾ ಎಂದು ಅವರು ವಿಮಾನ ಇಳಿಯುವವರೆಗೂ ಚೆನ್ನಾಗಿ ವಿಚಾರಿಸಿಕೊಂಡರು.

ಜುಬೈಲಿಗೆ ಬಂದವನೇ ಆ ಕೈತಕ್ಕಡಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಅದು ಕೊಕ್ಕೆ ಇರುವ, ಅಂಕಿಗಳು ಹೊಳೆಯುವ ಸಾದಾ ತಕ್ಕಡಿ. ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಿದರೆ ಅದರ ಬುದ್ಧಿ ಬದಲಾಗುತ್ತದೆ ಎಂಬುದು ನನ್ನಂಥವರಿಗೆ ಗೊತ್ತಿರುತ್ತದೆ. ಮೂವತ್ತು ಕಿಲೋ ನೇತುಹಾಕಿದರೆ ಮೂವತ್ತೆರಡು ಎನ್ನುವಂತೆ, ಅಂದರೆ ಹದಿನೈದಕ್ಕೆ ಒಂದು ಕಿಲೋ ಹೆಚ್ಚು ತೋರಿಸುವಂತೆ ಮಾಡಿದೆ. ಇನ್ನು ಅವಳು ಎಷ್ಟು ತುರುಕಿದರೂ ನಾನು ಸುರಕ್ಷಿತ. ತಮಾಷೆಗೆ ಒಂದು ಹಸಿರು ಸ್ಟಿಕ್ಕರನ್ನೂ ಅಂಟಿಸಿ ಸಹಿ ಹಾಕಿದೆ. ಆದರೆ ಅಭ್ಯಾಸಬಲ ನೋಡಿ. ನಮ್ಮ ಕೆಲಸದಲ್ಲಿ ಯಾವುದೇ ತಕ್ಕಡಿಯನ್ನು ಮುಟ್ಟಿದರೂ ಏನು ಮಾಡಿದೆ, ಹೇಗೆ ಮಾಡಿದೆ, ಯಾಕೆ ಮಾಡಿದೆ ಎಂದು ಬರೆದಿಡಲೇಬೇಕು. ಕಳ್ಳತನ ಮಾಡುವಾಗಲೂ ನನ್ನ ಕೈ ಸುಮ್ಮನಿರಲಿಲ್ಲ. ಒಂದು ಚೀಟಿಯಲ್ಲಿ ಗುಂಡಿ ಒತ್ತುವ ಕ್ರಮವನ್ನೆಲ್ಲ ಒಂದು, ಎರಡು, ಮೂರು ಎಂದು ಬರೆದು, ಕೊನೆಗೆ ‘ಕಾರಣ: ಶಶಿಕಲಾ’ ಎಂದು ಸೇರಿಸಿ, ತಕ್ಕಡಿಯ ಚೀಲದ ಒಳಜೇಬಿನಲ್ಲಿ ಇಟ್ಟೆ. ಅಲ್ಲಿಂದ ಮುಂದೆ ಎರಡು ರಜೆ ನಿರುಮ್ಮಳವಾಗಿ ಕಳೆದವು. ವಿಮಾನ ನಿಲ್ದಾಣದ ಕೌಂಟರಿನ ಅಂಕಿಯನ್ನು ನೋಡುವ ಅಭ್ಯಾಸವನ್ನೇ ನಾನು ಬಿಟ್ಟುಬಿಟ್ಟೆ.

ಈಗ ಮೀನಿಗೆ ಬರುತ್ತೇನೆ. ನಮ್ಮ ಕ್ಯಾಂಪಿನ ಮೆಸ್ಸಿನಲ್ಲಿ ಒಂದು ದೊಡ್ಡ ಫ್ರೀಜರ್ ಇದೆ. ಕ್ಯಾಂಪಿನವರು ಹಿಡಿದ ಮೀನುಗಳಲ್ಲಿ ಅತಿ ದೊಡ್ಡದರ ತೂಕ ಮತ್ತು ಹಿಡಿದವನ ಹೆಸರನ್ನು ಅದರ ಮುಚ್ಚಳದ ಮೇಲೆ ಬರೆಯುವುದು ಪದ್ಧತಿ. ಹನ್ನೊಂದು ವರ್ಷಗಳಿಂದ ಅಲ್ಲಿದ್ದದ್ದು ಒಂದೇ ಹೆಸರು: ‘ಮೋನಾಕ, ಹದಿನೈದೂವರೆ ಕಿಲೋ.’ ಮೋನಾಕ ಉಳ್ಳಾಲದವರು. ನಿಜ ಹೆಸರು ಮಹಮ್ಮದ್, ಆದರೆ ಆ ಹೆಸರು ಅವರ ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಕ್ರೇನಿಗೆ ಭಾರದ ಸಾಮಾನುಗಳನ್ನು ಸರಪಳಿ ಕಟ್ಟಿ ಎತ್ತಿಸುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷ ಭಾರದ ಜೊತೆಗೇ ಬದುಕಿದ ಕೈ ಅದು. ಯಾವ ವಸ್ತುವನ್ನಾದರೂ ಒಮ್ಮೆ ಎತ್ತಿ ಇಳಿಸಿ ಇಷ್ಟು ಕಿಲೋ ಎನ್ನುತ್ತಾರೆ. ನಾನು ತಕ್ಕಡಿಯಲ್ಲಿ ಇಟ್ಟು ನೋಡುತ್ತೇನೆ. ಅಷ್ಟೇ ಇರುತ್ತದೆ. ನನ್ನ ನೌಕರಿಗೆ ಕುತ್ತು ತರಬಲ್ಲ ಮನುಷ್ಯ ಜುಬೈಲಿನಲ್ಲಿ ಯಾರಾದರೂ ಇದ್ದರೆ ಅದು ಮೋನಾಕ ಒಬ್ಬರೇ. ಅವರು ಎಲ್ಲ ಮುಗಿಸಿ ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಹೋಗುವಾಗ ನನ್ನ ಹಿಂದೆ ಉಳಿಯುವುದು ಆ ಮುಚ್ಚಳದ ಮೇಲಿನ ಹೆಸರು ಮಾತ್ರ ಎಂದು ಅವರು ನಗುತ್ತ ಹೇಳುತ್ತಿದ್ದರು. ನಗುತ್ತ ಹೇಳಿದ್ದೇನೋ ಹೌದು. ಆದರೆ ಮೆಸ್ಸಿಗೆ ಬಂದಾಗಲೆಲ್ಲ ಆ ಮುಚ್ಚಳವನ್ನು ತಾವೇ ಒರೆಸುತ್ತಿದ್ದರು.

ನನಗೂ ಮೀನಿಗೂ ಇದ್ದ ಸಂಬಂಧ ಊಟದ ತಟ್ಟೆಯದ್ದು. ಮೋನಾಕ ಹೊರಡುವ ಮೊದಲು ನನಗೂ ಗಾಳ ಕಲಿಸುತ್ತೇನೆಂದು ಹಠ ಹಿಡಿದು, ಒಂದು ಶುಕ್ರವಾರ ಬೆಳಿಗ್ಗೆ ಕಡಲ ದಂಡೆಯ ಬಂಡೆಗಳ ಮೇಲೆ ಕೂರಿಸಿದರು. ನಾನು ಬೂತಾಯಿ ಮೀನಿನ ತುಂಡನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಎಸೆದು, ಚಹಾದ ಫ್ಲಾಸ್ಕಿಗೆ ಕೈ ಹಾಕಿದ್ದೆ. ಕೋಲು ಬಾಗಿತು. ಬಂಡೆಗೆ ಸಿಕ್ಕಿಕೊಂಡಿತು ಎಂದುಕೊಂಡೆ. ಬಂಡೆ ನಡೆಯಲು ಶುರು ಮಾಡಿದಾಗ ಸಂಶಯ ಬಂತು. ಮುಂದಿನ ಅರ್ಧ ಗಂಟೆಯನ್ನು ನಾನು ಹಲವರ ಮುಂದೆ ಹಲವು ರೀತಿಯಲ್ಲಿ ವರ್ಣಿಸಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ನಾನು ಕೋಲನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ, ಮೋನಾಕ ನನ್ನ ಸೊಂಟವನ್ನು ಹಿಡಿದುಕೊಂಡಿದ್ದರು. ಎಳೀರಿ, ಬಿಡಿ, ಎಳೀರಿ ಎಂದು ಅವರು ಹೇಳಿದ ಹಾಗೆ ಮಾಡಿದೆ. ಕೊನೆಗೆ ನೀರಿನಿಂದ ಎದ್ದು ಬಂದದ್ದು ಮುರು ಮೀನು, ಇಲ್ಲಿಯವರ ಭಾಷೆಯಲ್ಲಿ ಹಮೂರ್. ಅದು ಬಾಯಿ ತೆರೆದು ನನ್ನನ್ನು ನೋಡಿದ ರೀತಿಯಲ್ಲಿ, ಇಂಥವನ ಕೈಗಾ ಸಿಕ್ಕಿದ್ದು ಎಂಬ ಅವಮಾನ ಸ್ಪಷ್ಟವಾಗಿತ್ತು.

ಮೋನಾಕ ಅದರ ಕಿವಿರಿಗೆ ಕೈ ಹಾಕಿ ಒಮ್ಮೆ ಎತ್ತಿ ಇಳಿಸಿದರು. ಆಮೇಲೆ ಮೆತ್ತಗೆ, “ಹದಿನಾರು ಉಂಟು ಶೆಟ್ರೆ,” ಎಂದರು.

ಮೆಸ್ಸಿನ ತಕ್ಕಡಿ ಕೆಟ್ಟು ಎಷ್ಟೋ ದಿನವಾಗಿತ್ತು. ಯಾರೋ ನನ್ನ ಕೋಣೆಗೆ ಓಡಿ ಕೈತಕ್ಕಡಿ ತಂದರು. ಶೆಟ್ರ ಸ್ಟಿಕ್ಕರ್ ಇರುವಾಗ ಇನ್ನೆಂತ ಎಂದು ಎಲ್ಲರೂ ಒಪ್ಪಿದರು. ಮೋನಾಕ ತಾವೇ ಮೀನನ್ನು ಕೊಕ್ಕೆಗೆ ಹಾಕಿ ಎತ್ತಿ ಹಿಡಿದು, ಅಂಕಿಯನ್ನು ತಾವೇ ಗಟ್ಟಿಯಾಗಿ ಓದಿದರು. ಸರಿಯಾಗಿ ಹದಿನಾರು. ಹನ್ನೊಂದು ವರ್ಷ ತಾವು ಒರೆಸುತ್ತಿದ್ದ ಮುಚ್ಚಳವನ್ನು ಅವತ್ತು ಪೇಂಟಿನ ಥಿನ್ನರ್ ಹಾಕಿ ಒರೆಸಿದರು. ತಮ್ಮ ಹೆಸರು ಹೋದ ಜಾಗದಲ್ಲಿ ನನ್ನ ಹೆಸರು ಬರೆದರು. ಜನ ಚಪ್ಪಾಳೆ ತಟ್ಟಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ, ಇಂಥದ್ದು ವಾರಕ್ಕೊಂದು ಹಿಡಿಯುತ್ತೇನೆ ಎನ್ನುವವನ ಹಾಗೆ.

ಮಧ್ಯಾಹ್ನ ನಲವತ್ತು ಜನ ಸಾಲಾಗಿ ಊಟಕ್ಕೆ ಕೂತರು. ಎರಡನೇ ತುಂಡನ್ನು ಬಾಯಿಗೆ ಇಡುವಾಗ ನನಗೆ ತಕ್ಕಡಿಯ ಬುದ್ಧಿಯ ನೆನಪಾಯಿತು. ಹದಿನೈದಕ್ಕೆ ಒಂದು ಕಿಲೋ ಹೆಚ್ಚು. ಅಂದರೆ ಮೀನು ಇದ್ದದ್ದು ಹದಿನೈದು. ಮೋನಾಕನ ಮೀನಿಗಿಂತ ಅರ್ಧ ಕಿಲೋ ಕಡಿಮೆ. ಈಗ ಎದ್ದು ಹೇಳೋಣವೆಂದರೆ ಮತ್ತೆ ತೂಗಲು ಮೀನೆಲ್ಲಿದೆ? ಅದು ನಲವತ್ತು ಹೊಟ್ಟೆಗಳಲ್ಲಿ ಹಂಚಿಹೋಗಿತ್ತು. ತಲೆಯ ಭಾಗವನ್ನು ಗೌರವದಿಂದ ಮೋನಾಕನ ತಟ್ಟೆಗೆ ಬಡಿಸಿದ್ದರು. ಅವರು ಅದನ್ನು ಚೀಪುತ್ತ, ಹದಿನಾರು ಕಿಲೋದ್ದೇ ರುಚಿ ಬೇರೆ ಎನ್ನುತ್ತಿದ್ದರು.

ಮೂರು ವಾರ ನಾನು ಬಾಯಿ ಬಿಡಲಿಲ್ಲ. ಕೀರ್ತಿ ಎಂಬುದು ಕೆಟ್ಟ ವಸ್ತುವೇನಲ್ಲ. ಕಂಪನಿ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದರು. ರಾಬಿಗ್‌ನಲ್ಲಿರುವ ನನ್ನ ಭಾವ, ಹತ್ತು ವರ್ಷದಿಂದ ಹಬ್ಬಕ್ಕೂ ಫೋನ್ ಮಾಡದವರು, ಮೀನಿನ ಜೊತೆಗಿನ ನನ್ನ ಫೋಟೋ ನೋಡಿ ಫೋನ್ ಮಾಡಿದರು. ಆದರೆ ಮೆಸ್ಸಿಗೆ ಹೋದರೆ ಫ್ರೀಜರಿನ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ. ಮೋನಾಕ ಈಗ ಮುಚ್ಚಳ ಒರೆಸುತ್ತಿರಲಿಲ್ಲ. ಅದು ನನಗೆ ನಿಜವಾಗಿಯೂ ನೋವು ಕೊಡುತ್ತಿತ್ತು.

ಅವರು ಊರಿಗೆ ಹೊರಡುವ ಹಿಂದಿನ ದಿನ ಸಂಜೆ ಪೆಟ್ಟಿಗೆ ತೂಗಲು ನನ್ನನ್ನು ಕರೆದರು. ಕೈತಕ್ಕಡಿ ಮೂವತ್ತೆರಡು ತೋರಿಸಿತು. ನಾನು ಅಂಕಿಯನ್ನು ನೋಡುತ್ತ ನಿಂತಿದ್ದಾಗ ಅವರು ಪೆಟ್ಟಿಗೆ ಬಿಚ್ಚಿ, ಬಟ್ಟೆಯ ಅಡಿಯಿಂದ ತಮ್ಮ ಗಾಳದ ರಾಟೆ ಮತ್ತು ಸೀಸದ ಗುಂಡುಗಳ ಡಬ್ಬಿಯನ್ನು ಹೊರತೆಗೆದರು. ಹಳೇ ರಾಟೆ. ಹಿಡಿಯ ಬಣ್ಣ ಅವರ ಬೆರಳಿನ ಆಕಾರಕ್ಕೆ ಸವೆದಿತ್ತು. ಎರಡನ್ನೂ ನನ್ನ ಕೈಯಲ್ಲಿಟ್ಟು, “ಸರಿಯಾಗಿ ಎರಡು ಕಿಲೋ. ಇನ್ನು ಇದು ನಿಮಗೇ ಸೇರಬೇಕಾದ್ದು ಶೆಟ್ರೆ, ಮುಚ್ಚಳದ ಮೇಲೆ ಇರುವುದು ನೀವಲ್ವಾ,” ಎಂದರು.

ಆಗ ನನ್ನಿಂದ ತಡೆಯಲಾಗಲಿಲ್ಲ. ಹಪ್ಪಳದಿಂದ ಹಿಡಿದು ಹಸಿರು ಸ್ಟಿಕ್ಕರಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಪೆಟ್ಟಿಗೆ ಇರುವುದು ಮೂವತ್ತೇ, ಮೀನು ಇದ್ದದ್ದು ಹದಿನೈದೇ, ದಾಖಲೆ ನಿಮ್ಮದೇ ಎಂದೆ. ಅವರು ಸಿಟ್ಟಾಗುತ್ತಾರೆಂದು ಕಾದೆ. ಸಿಟ್ಟಾಗಲಿಲ್ಲ. ತಮ್ಮ ಬಲಗೈಯನ್ನು ಬಿಡಿಸಿ ಒಮ್ಮೆ ನೋಡಿಕೊಂಡರು. “ನನ್ನ ಕೈಯೂ ಹದಿನಾರು ಅಂತಲೇ ಹೇಳಿತ್ತಲ್ಲ ಮಾರಾಯ್ರೆ,” ಎಂದರು. ಮತ್ತೆ ತಾವೇ, “ಇರ್ಲಿ, ನೀವು ತೂಕದವರು. ವಯಸ್ಸಾಯ್ತು. ಕೈ ತಪ್ಪಿದ್ದಿರಬೇಕು. ಹೊರಡುವ ಹೊತ್ತಿಗೇ ತಪ್ಪಿತು, ಅಷ್ಟೇ,” ಎಂದರು.

ಆ ಮಾತಿಗೆ ನಾನು ಇನ್ನಷ್ಟು ಕುಗ್ಗಿಹೋದೆ. ರಾಟೆಯನ್ನು ಮತ್ತೆ ಅವರ ಪೆಟ್ಟಿಗೆಗೆ ನಾನೇ ತುಂಬಿದೆ. ನೇರ ಮೆಸ್ಸಿಗೆ ಹೋಗಿ, ಊಟ ಮಾಡುತ್ತಿದ್ದವರೆಲ್ಲರ ಎದುರು ತಪ್ಪೊಪ್ಪಿಕೊಂಡು, ಥಿನ್ನರ್ ಹಾಕಿ ನನ್ನ ಹೆಸರು ಒರೆಸಿ, ಮೋನಾಕನ ಹೆಸರು ಬರೆದೆ. ಅಷ್ಟಕ್ಕೇ ಬಿಡಬಹುದಿತ್ತು. ಅಭ್ಯಾಸಬಲದಿಂದ ಪಕ್ಕದಲ್ಲಿ ಹಸಿರು ಸ್ಟಿಕ್ಕರ್ ಅಂಟಿಸಿ, ಪರೀಕ್ಷಿಸಲಾಗಿದೆ ಎಂದು ಸಹಿಯನ್ನೂ ಹಾಕಿದೆ. ಪ್ರಾಮಾಣಿಕತೆಯ ಸುಖ ಎಂದರೆ ಇದು ಎಂದು ನನ್ನನ್ನು ನಾನೇ ಮೆಚ್ಚಿಕೊಂಡು ಮಲಗಿದೆ.

ಮರುದಿನ ಬೆಳಿಗ್ಗೆ ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಅವರನ್ನು ನಾನೇ ಕರೆದುಕೊಂಡು ಹೋದೆ. ಕೌಂಟರಿನ ಪಟ್ಟಿಯ ಮೇಲೆ ಪೆಟ್ಟಿಗೆ ಇಟ್ಟರು. ಬಹಳ ದಿನಗಳ ಮೇಲೆ ನಾನು ಅಂಕಿಯನ್ನು ನೋಡಿದೆ. ಮೂವತ್ತೆರಡು. ಕೌಂಟರಿನವನು ಎರಡು ಕಿಲೋ ತೆಗೆಯಬೇಕೆಂದ. ನಾನು ತಕ್ಕಡಿ ತಪ್ಪಿರಬೇಕು ಎಂದೆ. ಅವನು ಪಕ್ಕದ ಕೌಂಟರಿನಲ್ಲೂ ಇಡಿಸಿದ. ಅಲ್ಲೂ ಮೂವತ್ತೆರಡು. ನನ್ನ ತಲೆಯೊಳಗೆ ಲೆಕ್ಕ ನಿಧಾನಕ್ಕೆ ತಿರುಗಿತು. ನನ್ನ ಕೈತಕ್ಕಡಿ ಹೇಳಿದ್ದೂ ಮೂವತ್ತೆರಡೇ. ಅಂದರೆ ಅದು ಸುಳ್ಳು ಹೇಳುತ್ತಿರಲಿಲ್ಲ. ಅಂದರೆ ಮೀನು ಹದಿನಾರೇ.

ನನಗಿಂತ ಮೊದಲು ಅರ್ಥವಾದದ್ದು ಮೋನಾಕನಿಗೆ. ಆ ಜನಜಂಗುಳಿಯ ನಡುವೆ, ಬಿಚ್ಚಿದ ಪೆಟ್ಟಿಗೆಯ ಎದುರು ಮೊಣಕಾಲೂರಿ ಕೂತ ಆ ಮನುಷ್ಯನ ಮುಖ ಹೂವಿನ ಹಾಗೆ ಅರಳಿತು. ರಾಟೆಯನ್ನೂ ಡಬ್ಬಿಯನ್ನೂ ಮತ್ತೆ ಹೊರತೆಗೆದು ನನ್ನ ಕೈಗೆ ಕೊಟ್ಟರು. “ನನ್ನ ಕೈ ತಪ್ಪಲಿಲ್ಲ ಶೆಟ್ರೆ,” ಎಂದರು. ದಾಖಲೆ ಹೋದದ್ದರ ಚಿಂತೆಯೇ ಅವರಿಗಿರಲಿಲ್ಲ. ಒಳಗೆ ಹೋಗುವಾಗಲೂ ಅದೇ ಕೈಯನ್ನು ಎತ್ತಿ ಬೀಸಿದರು. ನನ್ನ ಕಣ್ಣು ತುಂಬಿ ಬಂತು, ಅರ್ಧ ಅವರಿಗಾಗಿ, ಅರ್ಧ ಆ ಮೀನಿಗಾಗಿ.

ಕ್ಯಾಂಪಿಗೆ ಬಂದು, ಮೀನು ಹದಿನಾರೇ ಇತ್ತು ಎಂದು ಹೇಳಿ ನೋಡಿದೆ. ಎಲ್ಲರೂ ಪ್ರೀತಿಯಿಂದ ಬೆನ್ನು ತಟ್ಟಿದರು. ಮೊದಲು ಹದಿನಾರು ಎಂದಿರಿ, ಆಮೇಲೆ ಹದಿನೈದು ಎಂದಿರಿ, ಮೋನಾಕ ಊರು ಬಿಟ್ಟ ದಿನವೇ ಮತ್ತೆ ಹದಿನಾರಾಯಿತಲ್ಲ ಎಂದು ಕೇಳಿದರು. ಮುಚ್ಚಳದ ಮೇಲೆ ನನ್ನದೇ ಸಹಿ, ನನ್ನದೇ ಸ್ಟಿಕ್ಕರ್. ಅದನ್ನು ಸುಳ್ಳು ಎನ್ನಬೇಕಾದರೆ ಕಾರ್ಖಾನೆಯ ಎಲ್ಲ ಸ್ಟಿಕ್ಕರುಗಳ ಮರ್ಯಾದೆ ಹೋಗುತ್ತದೆ. ಸುಮ್ಮನೆ ಕೋಣೆಗೆ ಬಂದು ತಕ್ಕಡಿಯ ಚೀಲದ ಒಳಜೇಬಿಗೆ ಕೈ ಹಾಕಿದೆ. ನನ್ನ ಚೀಟಿ ಅಲ್ಲೇ ಇತ್ತು. ‘ಕಾರಣ: ಶಶಿಕಲಾ’ ಎಂಬ ಸಾಲಿನ ಕೆಳಗೆ, ದುಂಡಗಿನ ಅಕ್ಷರದಲ್ಲಿ, ನಾನು ಬರೆದ ಕ್ರಮದಲ್ಲೇ ಇನ್ನೊಂದು ದಾಖಲೆ ಇತ್ತು: ‘ಕಳೆದ ರಜೆಯಲ್ಲಿ ಹತ್ತು ಕಿಲೋ ಕುಚ್ಚಲಕ್ಕಿ ಚೀಲ ನೇತುಹಾಕಿ ನೋಡಿದೆ. ತಪ್ಪಿತ್ತು. ಮೇಲಿನ ಹಾಗೆ ಗುಂಡಿ ಒತ್ತಿ ಸರಿ ಮಾಡಿದ್ದೇನೆ. ಕಾರಣ: ಗಂಡ.’

ಹೋದ ಸಲ ಬರುವಾಗ ಪೆಟ್ಟಿಗೆ ಯಾಕೋ ಭಾರವೆನಿಸಿ, ಸೊಂಟಕ್ಕೆ ವಯಸ್ಸಾಯಿತು ಎಂದುಕೊಂಡಿದ್ದೆ. ಹೆಂಡತಿಗೆ ಫೋನ್ ಮಾಡಿ, ಇದನ್ನು ಒಂದು ಮಾತು ನನಗೆ ಹೇಳಬಾರದಿತ್ತಾ ಎಂದು ಕೇಳಿದೆ. ಬರೆದು ಇಟ್ಟಿದ್ದೇನಲ್ಲ, ನೀವು ಓದುವುದಿಲ್ಲವಾ ಎಂದಳು. ಫೋನ್ ಇಟ್ಟು, ತಕ್ಕಡಿಯ ಮೇಲಿನ ಹಸಿರು ಸ್ಟಿಕ್ಕರನ್ನು ತಿರುಗಿಸಿ ನೋಡಿದೆ. ಮುಂದಿನ ಪರೀಕ್ಷೆಯ ಅವಧಿ ಮುಗಿದು ವರ್ಷವಾಗಿತ್ತು. ಕಾರ್ಖಾನೆಯಲ್ಲಾಗಿದ್ದರೆ ಅಂಥ ತಕ್ಕಡಿ ಇಟ್ಟುಕೊಂಡವನಿಗೆ ನಾನು ನೋಟೀಸು ಕೊಡುತ್ತಿದ್ದೆ. ಉಗುರಿನಿಂದ ಅದನ್ನು ಕೆರೆದು ತೆಗೆದು, ಹೊಸ ಸ್ಟಿಕ್ಕರ್ ಅಂಟಿಸಿದೆ. ಪರೀಕ್ಷಿಸಿದವರು ಎಂಬಲ್ಲಿ ಶಶಿಕಲಾ ಎಂದು ಬರೆದು, ನನ್ನ ಸಹಿ ಹಾಕುವ ಜಾಗವನ್ನು ಖಾಲಿ ಬಿಟ್ಟೆ.