ಬಂಗಾರಪೇಟೆಯ ಕಾವಲಿ

ಹಳೆಯ ಕಬ್ಬಿಣಕ್ಕೆ ಬೆಲೆ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಪ್ಪತ್ತರ ದಶಕ ಮುಗಿಯುತ್ತ ಬಂತು. ಈಗ ಎಲ್ಲರೂ ಅಜ್ಜಿಯ ಕಾಲದ ಕಾವಲಿ, ಬಾಣಲೆಗಳನ್ನು ತಕ್ಕಡಿಗೆ ಹಾಕಿ, ಮುಖ ಕಾಣುವ ಸ್ಟೀಲ್ ತಟ್ಟೆ ತರುತ್ತಿದ್ದಾರೆ. ತಟ್ಟೆಯಲ್ಲಿ ಮುಖ ಕಂಡರೆ ಹೊಟ್ಟೆ ತುಂಬುತ್ತದೆಯೇ? (ನನ್ನ ಮುಖ ಕಂಡರೆ ಇದ್ದ ಹಸಿವೂ ಹೋಗುತ್ತದೆಂದು ನನ್ನ ಹೆಂಡತಿ ತುಳಸಿಯ ಅಭಿಪ್ರಾಯ.) ಬೈಯುವ ಹಕ್ಕು ನನಗಿದೆ. ನಾನೂ ಒಮ್ಮೆ ಬೆಲೆ ಕಟ್ಟಿಸಲು ಹೋದವನೇ.

ಓಝರಿನ ವಿಮಾನ ಕಾರ್ಖಾನೆ ಆಗಿನ್ನೂ ಹೊಸದು. ಬೆಂಗಳೂರಿನಿಂದ ಅಲ್ಲಿಯ ತಪಾಸಣೆ ವಿಭಾಗಕ್ಕೆ ನನಗೆ ವರ್ಗವಾಗಿ, ನಾಸಿಕದ ಪಂಚವಟಿಯ ಗಲ್ಲಿಯೊಂದರಲ್ಲಿ ಎರಡು ಕೋಣೆ ಹಿಡಿದೆವು. ತುಳಸಿಯ ಜೊತೆಗೆ ಅವಳ ತವರು ಬಂಗಾರಪೇಟೆಯಿಂದ ಒಂದು ಬೀಡಿನ ಕಾವಲಿಯೂ ಬಂದಿತ್ತು. ಎರಕ ಹೊಯ್ದ ಕಬ್ಬಿಣ. ಮನ್ಮಾಡಿನಲ್ಲಿ ಗಾಡಿ ಬದಲಿಸುವಾಗ ಅದನ್ನು ಸುತ್ತಿದ ಹಾಸಿಗೆ ಎತ್ತಿದ ಕೂಲಿ, ಒಳಗೆ ಯಾರಾದರೂ ಮಲಗಿದ್ದಾರೆಯೇ ಎಂದು ಕೇಳಿದ್ದ.

ಆದರೆ ಆ ಕಾವಲಿಯ ದೋಸೆ! ಮೂರು ತಲೆಮಾರಿನ ಎಣ್ಣೆ ಕುಡಿದು ಪಳಗಿದ ಕಾವಲಿ ಅದು. ಕಾಡಿಗೆಯಷ್ಟು ಕಪ್ಪು, ಕೆನ್ನೆಯಷ್ಟು ನುಣುಪು. ಹಿಟ್ಟು ಬಿದ್ದೊಡನೆ ಚೊಯ್ಯೆನ್ನುವ ದನಿ, ಯಾರೂ ಎಬ್ಬಿಸದೆ ತಾನಾಗಿ ಏಳುವ ಅಂಚು, ಗಲ್ಲಿಯ ಊದುಬತ್ತಿಗಳನ್ನೆಲ್ಲ ಸೋಲಿಸಿ ಗೋದಾವರಿಯ ಕಡೆ ಹೊರಡುವ ಘಮ. ಮನೆಯೊಡತಿ ಸುಶೀಲಾಬಾಯಿ ಬಾಡಿಗೆ ಕೇಳಲು ಬಂದವರು ದೋಸೆ ತಿಂದು ಬಾಡಿಗೆ ಮರೆತು ಹೋಗುತ್ತಿದ್ದರು. ಭಾಷೆ ತಿಳಿಯದ ಊರಿನಲ್ಲಿ ನಮ್ಮ ಕನ್ನಡವನ್ನು ತಪ್ಪಿಲ್ಲದೆ ಮಾತಾಡುತ್ತಿದ್ದದ್ದು ಆ ಕಾವಲಿಯೊಂದೇ.

ದಿನವಿಡೀ ಲೋಹ ಪರೀಕ್ಷಿಸುವವನು ಮನೆಯ ಲೋಹವನ್ನು ಬಿಟ್ಟೇನೇ? ಒಂದು ಭಾನುವಾರ ಬೆರಳಿನಿಂದ ತಟ್ಟಿದೆ. ತಗಡಾದರೆ ಠಣ್ ಎನ್ನಬೇಕು. ಇದು ದಡ್ ಎಂದಿತು.

“ಪೂರ್ತಿ ಹೇಳೋಕೆ ಅದಕ್ಕೆ ಸಂಕೋಚ,” ಎಂದಳು ತುಳಸಿ.

ನಾನು ಅಪಮಾನ ನುಂಗಿ ಕಾವಲಿಯನ್ನು ಮಗುಚಿದೆ. ಬೆನ್ನಿನ ನಡುವೆ, ಕರಗಿದ ಲೋಹ ಅಚ್ಚಿನೊಳಗೆ ಇಳಿದ ಜಾಗದಲ್ಲಿ ಉದ್ದನೆಯ ಗಾಯದ ಗೆರೆ. ಹಳೆಯ ಎರಕಕ್ಕೆ ಅದೇ ಜಾತಕ. ಪಕ್ಕದಲ್ಲಿ ಒಂದು ಆನೆ. ಗಜಲಾಂಛನ, ಅಂದಮೇಲೆ ಅರಮನೆಯ ಎರಕ ಎಂದು ಘೋಷಿಸಿದೆ. ಅದು ಆನೆಯಲ್ಲ, ಎರಕದ ಗುಳ್ಳೆ ಎಂದು ತುಳಸಿ ವಾದಿಸಿದಳು. (ಇತಿಹಾಸಪ್ರಜ್ಞೆ ಎಲ್ಲರಿಗೂ ಇರುವುದಿಲ್ಲ.)

ಕಾವಲಿಯನ್ನು ಕಂಕುಳಿಗೇರಿಸಿ ನದಿದಂಡೆಯ ಹಳೆಯ ಲೋಹದ ವ್ಯಾಪಾರಿಯ ಬಳಿ ಹೋದೆ. ಅವನು ಒಂದೇ ನೋಟ ಹರಿಸಿ, ಇದು ಪೂರಾ ಬಂಗಾರ್ ಎಂದು ಹಿಂದಿಯಲ್ಲಿ ಹೇಳಿದ. ಕನ್ನಡ ಪದದ ಬಾಲ ಕತ್ತರಿಸಿದರೆ ಹಿಂದಿಯಾಗುತ್ತದೆಂದು ನಂಬಿದ್ದ ಕಾಲ ಅದು; ನನಗೆ ಎಲ್ಲವೂ ಹೊಳೆದುಬಿಟ್ಟಿತು. ಬಂಗಾರಪೇಟೆಯ ಎರಕ, ಪಕ್ಕದಲ್ಲೇ ಕೋಲಾರದ ಗಣಿ, ಮೇಲೆ ಆನೆ! ಅಷ್ಟರಲ್ಲಿ ಅವನು ಚೀಲ ತೂಗುವ ದೊಡ್ಡ ತಕ್ಕಡಿ ಎಳೆದ. ಬಂಗಾರವನ್ನು ಅಂಥದರಲ್ಲಿ ತೂಗುವ ಕಳ್ಳನಿಂದ ಕಾವಲಿ ಕಿತ್ತುಕೊಂಡು ಓಡಿಬಂದೆ.

ಬಂಗಾರಕ್ಕೆ ತುಕ್ಕು ಯಾಕೆ ಹಿಡಿಯುತ್ತದೆಂದು ತುಳಸಿ ಕೇಳಿದಳು. ಹೆಂಗಸರಿಗೆ ಮಿಶ್ರಲೋಹದ ಮರ್ಮ ತಿಳಿಯದೆಂದು ಬಾಯಿ ಮುಚ್ಚಿಸಿ, ಕಾವಲಿಯನ್ನು ಮದುವೆಯ ರೇಷ್ಮೆ ಪಂಚೆಯಲ್ಲಿ ಸುತ್ತಿ ಟ್ರಂಕಿಗಿಟ್ಟೆ. ಅಡಿಗೆಮನೆಗೆ ತಗಡಿನ ತವಾ ಬಂತು. ಅದರ ಮೇಲೆ ದೋಸೆ ಏಳುತ್ತಿರಲಿಲ್ಲ, ಕೆರೆದು ತೆಗೆಯಬೇಕಿತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಆತ್ಮಸಾಕ್ಷಿ ಎಂಬ ಕಾಯಿಲೆಯಿದೆ. ವರದಕ್ಷಿಣೆ ಮುಟ್ಟದೆ ಮದುವೆಯಾದವನು ನಾನು. ಮಾವನವರ ಉಂಗುರವನ್ನೂ ಬೇಡವೆಂದು, ಮದುವೆಯ ಚಪ್ಪರದಲ್ಲೇ ಭಾಷಣ ಬಿಗಿದಿದ್ದೆ. ಅಂಥವನು ತನಗರಿಯದೆಯೇ ಇಷ್ಟು ಬಂಗಾರ ತಂದುಬಿಟ್ಟಿದ್ದೇನೆ! ದೋಸೆಯ ಚೂರುಗಳ ಜೊತೆ ಈ ಪಾಪವೂ ಗಂಟಲಲ್ಲಿ ಸಿಕ್ಕಿಕೊಂಡಿತು.

ಅದೇ ತಿಂಗಳು ನಮ್ಮತ್ತೆ ಜಯಲಕ್ಷ್ಮಮ್ಮ ಯಾತ್ರೆಯವರ ಜೊತೆ ಗೋದಾವರಿ ಸ್ನಾನಕ್ಕೆ ಬಂದರು. ನಾನು ಪಕ್ಕದ ಕೋಣೆಯ ಬೀದರಿನ ವೈಜನಾಥನನ್ನು ಸಾಕ್ಷಿಗೆ ಕರೆದು, ಚಹಾ ಕೊಟ್ಟು, ರೇಷ್ಮೆ ಗಂಟನ್ನು ಅತ್ತೆಯ ಮಡಿಲಿಗಿಟ್ಟೆ. ವ್ಯಾಪಾರಿ ಕಂಡುಹಿಡಿದ ಬಂಗಾರದ ಕಥೆ ಹೇಳಿ, ನಿಮ್ಮ ಸೊತ್ತು ನಿಮಗೆ, ಅಳಿಯನ ಕೈ ಶುದ್ಧ ಎಂದು ಎರಡನೆಯ ಭಾಷಣವನ್ನೂ ಬಿಗಿದೆ. ಅತ್ತೆ ಗಂಟು ಬಿಚ್ಚಿ ನೋಡಿ, ಅಳಿಯನಿಗೆ ಜ್ವರವೇ ಎಂಬಂತೆ ಮಗಳತ್ತ ತಿರುಗಿದರು.

“ಆ ವ್ಯಾಪಾರಿ ಏನಂದ, ಅಂದಂಗ ಹೇಳ್ರಿ,” ಎಂದ ವೈಜನಾಥ.

“ಪೂರಾ ಬಂಗಾರ್ ಹೈ ಸಾಬ್.”

ವೈಜನಾಥನಿಗೆ ಚಹಾ ನೆತ್ತಿಗೇರಿತು. “ಬಂಗಾರ ಅಲ್ರೀ ಸಾಹೇಬ್ರ, ಭಂಗಾರ. ಈ ಕಡೆ ಭಂಗಾರ ಅಂದ್ರ ಗುಜರಿ. ಅವ ನಿಮ್ಮ ಕಾವಲೀನ ಗುಜರಿಗೆ ತೂಗಲಿಕ್ಕೆ ನಿಂತಿದ್ದ.”

ಒಂದು ಮಹಾಪ್ರಾಣ ಕೇಳಿಸದೆ ನನ್ನ ಪ್ರಾಣವೇ ಹೋಯಿತು. ತುಳಸಿ ಸೆರಗು ಬಾಯಿಗೊತ್ತಿ ಒಳಗೆ ಓಡಿದಳು. ಆದರೂ ಒಂದು ಸಮಾಧಾನ: ಬಂಗಾರವಲ್ಲವಾದರೆ ವರದಕ್ಷಿಣೆಯೂ ಅಲ್ಲ, ಭಾನುವಾರದ ದೋಸೆ ಮತ್ತೆ ನನ್ನದು. ಹಾಗಾದರೆ ಕೊಡಿ ಎಂದು ಕೈ ಚಾಚಿದೆ.

ಅತ್ತೆ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದರು.

“ಬಂಗಾರ ಆಗಿದ್ದಿದ್ರೆ ಮಗಳಿಗಿರಲಿ ಅಂತ ಬಿಟ್ಟು ಹೋಗ್ತಿದ್ದೆ, ಅಳಿಯಂದ್ರೇ. ಕಾವಲಿ ಅಲ್ವ, ತಗೊಂಡೇ ಹೋಗ್ತೀನಿ. ಇದು ಹೊಸ್ತಿಲು ದಾಟಿದ ಮೇಲೆ ನಮ್ಮನೇಲಿ ಒಂದು ದೋಸೆ ನೆಟ್ಟಗೆ ಎದ್ದಿಲ್ಲ.”

ಅದು ತುಳಸಿಗೆ ಕೊಟ್ಟದ್ದಲ್ಲವೇ ಎಂದು ತೊದಲಿದೆ.

“ಕೊಟ್ಟಿದ್ದೆ. ನೀವು ಸಾಕ್ಷಿ ಇಟ್ಟು ವಾಪಸ್ ಕೊಟ್ರಿ. ಈಗ ನೀವಾಗೇ ಕೇಳಿದ್ರೆ ಅದು ವರದಕ್ಷಿಣೆ ಆಗಲ್ವ?”

ಮನ್ಮಾಡಿನವರೆಗೆ ಆ ಗಂಟನ್ನು ನಾನೇ ಹೊತ್ತು, ಗಾಡಿಗೇರಿಸಿ, ಕಾಲಿಗೆ ನಮಸ್ಕಾರ ಮಾಡಿ ಬಂದೆ. (ಅತ್ತೆಯ ಕಾಲಿಗೆ. ಮನಸ್ಸಿನಲ್ಲಿ ಕಾವಲಿಗೆ.)

ಮುಂದಿನ ಭಾನುವಾರ ತುಳಸಿ ನನ್ನ ಮುಂದೆ ತಟ್ಟೆ ತಂದಿಟ್ಟಳು. ಅದರಲ್ಲಿ ಅರ್ಧ ಸೀದ, ಅರ್ಧ ಹಸಿಯಾದ, ಯಾವ ಆಕಾರವೂ ಇಲ್ಲದ ಒಂದು ರಾಶಿಯಿತ್ತು. ಇದೇನು ಎಂದೆ.

“ನಿಮ್ಮ ಆತ್ಮಸಾಕ್ಷಿ,” ಎಂದಳು. “ಬಿಸಿ ಇರೋವಾಗಲೇ ತಿನ್ನಿ.”