ಜ್ವಾಲಾಮುಖಿ ದ್ವೀಪದಲ್ಲಿ ನಮ್ಮ ಮನೆಯವರು

ನಮ್ಮ ಮನೆಯವರನ್ನು ಕರೆದುಕೊಂಡು ಬೀದಿಯ ಕೊನೆಯ ತರಕಾರಿ ಅಂಗಡಿಗೆ ಹೋದರೂ ಹೇಳಿಕೊಂಡು ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಇನ್ನು ಭೂಮಿಯ ಆ ಬದಿಗೆ ಕರೆದುಕೊಂಡು ಹೋದರೆ ಕೇಳಬೇಕೆ?

ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ಓಟ, ಈಜು, ಸೈಕಲ್ಲು, ಯಾವುದಕ್ಕೂ ಹಿಂದೆಗೆದವಳಲ್ಲ. ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಕೂತಲ್ಲೇ ಕೂತು ಪ್ರಪಂಚ ನೋಡುವ ಜಾಯಮಾನ. ಊರು ಕೆಂಗೇರಿ ಪಕ್ಕದ ಹಳ್ಳಿ, ಬೇಸಾಯದ ಮನೆತನ. ಆಫೀಸಿನಲ್ಲಿ ಹೇಗೆ ಮಾತಾಡುತ್ತಿದ್ದರೋ ಕಾಣೆ, ಮನೆಯಲ್ಲಿ ಮಾತ್ರ ಅವರ ಬಾಯಿಂದ ‘ಹ’ ಅನ್ನುವ ಅಕ್ಷರ ಹೊರಟಿದ್ದನ್ನು ನಾನು ಕೇಳಿಲ್ಲ.

ಮದುವೆಯಾದಾಗಿನಿಂದ ಅವರದು ಒಂದೇ ಮಾತು. “ನೀನ್ ಓಗು, ನಾನಿಲ್ಲೇ ಇರ್ತೀನಿ.” ಜ್ಞಾನಭಾರತಿಗೆ ವಾಕಿಂಗ್ ಹೋದರೆ ನಾನು ನಡೆಯುತ್ತೇನೆ, ಅವರು ಕಲ್ಲುಬೆಂಚಿನ ಮೇಲೆ ಇರುತ್ತಾರೆ. ಗೋಕರ್ಣಕ್ಕೆ ಹೋದರೆ ನಾನು ಸಮುದ್ರದಲ್ಲಿ, ಅವರು ಮರಳಿನ ಮೇಲೆ ಕಡಲೇಕಾಯಿ ಜೊತೆ. ಅಲೆಯೊಳಗಿಂದ ತಿರುಗಿ ನೋಡಿದರೆ ದೂರದಲ್ಲಿ ಒಂದು ಬಿಳಿ ಶರಟು ಕಾಣುತ್ತಿತ್ತು. ನನಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಒಂದೇ ಒಂದು ಸಲ ಈ ಮನುಷ್ಯ ನೀರಿಗಿಳಿದು ನನ್ನ ಪಕ್ಕದಲ್ಲಿರಬೇಕು ಅನ್ನುವುದು ನನ್ನ ಆಸೆ. ಬೇರೆ ಒಡವೆ ವಸ್ತ್ರ ಏನೂ ಕೇಳಿದವಳಲ್ಲ.

ಹೀಗಿರುವಾಗ ಮಗಳು ಫೋನಿನಲ್ಲಿ ಗಲಾಪಗೋಸ್ ದ್ವೀಪಗಳನ್ನು ತೋರಿಸಿದಳು. ಪೆಸಿಫಿಕ್ ಸಾಗರದ ನಡುವೆ ಜ್ವಾಲಾಮುಖಿಗಳು ಉಗುಳಿದ ಕಲ್ಲಿನ ಮೇಲೆ ಬೆಳೆದ ದ್ವೀಪಗಳು. ಮನುಷ್ಯರನ್ನು ಕಂಡರೆ ಹೆದರದ ಪ್ರಾಣಿಗಳು. ನಡಿಗೆ, ಸೈಕಲ್ಲು, ಕಯಾಕ್ ಅನ್ನುವ ಪುಟ್ಟ ದೋಣಿ, ಕೊನೆಗೆ ಸ್ನಾರ್ಕೆಲಿಂಗ್. ಅಂದರೆ ಮುಖಕ್ಕೆ ಗಾಜು, ಬಾಯಿಗೆ ಕೊಳವೆ ಹಾಕಿಕೊಂಡು ತೇಲುತ್ತ ನೀರೊಳಗಿನ ಜೀವಿಗಳನ್ನು ನೋಡುವುದು.

“ಪ್ರಾಣಿಗಳು ತಾವಾಗೇ ಹತ್ರ ಬರ್ತವಂತೆ ರೀ, ಕೂತಲ್ಲೇ ನೋಡಬಹುದು” ಅಂದೆ.

“ಅಂಗಾದ್ರೆ ಓಗಣ” ಅಂದರು.

ಹಾಲ್‌ನಲ್ಲಿ ಸಮುದ್ರ

ಬಾಯಲ್ಲಿ ಉಸಿರಾಡುವುದು ಮೊದಲೇ ರೂಢಿಯಾಗಲಿ ಅಂತ ಗಾಜು, ಕೊಳವೆ ಎರಡನ್ನೂ ತರಿಸಿ, ದಿನಾ ಸಂಜೆ ಹಾಕಿಕೊಂಡೇ ಟೀವಿ ನೋಡಬೇಕು ಅಂತ ಅಪ್ಪಣೆ ಮಾಡಿದೆ. ಅವರೂ ಒಪ್ಪಿದರು, ಟೀವಿ ನೋಡುವುದಕ್ಕೆ ತಕರಾರಿಲ್ಲವಲ್ಲ. ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಕಾಲಿಂಗ್ ಬೆಲ್ ಆಯಿತು. ನಮ್ಮವರು ಎದ್ದು, ಮುಖದ ಮೇಲಿದ್ದದ್ದು ಮರೆತು, ಹಾಗೇ ಹೋಗಿ ಬಾಗಿಲು ತೆಗೆದರು.

ಡೆಲಿವರಿಯವನು ಉತ್ತರ ಕರ್ನಾಟಕದ ಕಡೆಯವನು. “ಓಟಿಪಿ ಹೇಳ್ರಿ ಸರ್” ಅಂದ.

ಇವರು ಹೇಳಿದರು. ಕೊಳವೆಯಿಂದ ‘ಫೋ, ಫೂ, ಫೋ’ ಅಂತ ಬಂತು.

ಅವನು ಮೆಟ್ಟಿಲಿನಿಂದ ಹಿಂದಕ್ಕೆ ಇಳಿದ. ಪೊಟ್ಟಣವನ್ನು ರಂಗೋಲಿಯ ಪಕ್ಕ ಇಟ್ಟ. ಕರ್ಚೀಫು ತೆಗೆದು ಮೂಗಿಗೆ ಕಟ್ಟಿಕೊಂಡು ಮೆತ್ತಗೆ ಕೇಳಿದ. “ಸರ್, ಮತ್ತ ಹೊಸಾದು ಏನಾರ ಬಂದೈತೇನ್ರಿ?”

ಮಡಿಲಕ್ಕಿ

ಹೊರಡುವ ಮುಂಚೆ ಕೆಂಗೇರಿಗೆ ಹೋಗಿ ನಾದಿನಿಗೆ ಹೇಳಿ ಬರಬೇಕಲ್ಲ. ಅವಳು ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಬಟ್ಟಲಡಿಕೆ, ಅರಿಶಿನದ ಕೊಂಬು, ತೆಂಗಿನಕಾಯಿ, ಎಲ್ಲ ಸೇರಿಸಿ ರವಿಕೆ ಕಣದಲ್ಲಿ ಗಂಟು ಕಟ್ಟಿ, “ಅಷ್ಟ್ ದೂರ ಓಯ್ತಾ ಇದೀರ ಅತ್ತಿಗೆ, ತಲುಪೋಗಂಟ ಇದು ಜೊತೇಲೇ ಇರ್ಬೇಕು” ಅಂದಳು. ತೆಂಗಿನಕಾಯಿಯನ್ನು ಮನೆಯಲ್ಲೇ ಬಿಟ್ಟೆ, ನನಗೂ ಅಷ್ಟು ಬುದ್ಧಿ ಇದೆ. ಉಳಿದದ್ದು ಸೂಟ್‌ಕೇಸಿನೊಳಗೆ ಹೋಯಿತು.

ದ್ವೀಪದ ವಿಮಾನ ಹತ್ತುವ ಮುಂಚೆ ಎಲ್ಲರ ಸಾಮಾನೂ ತೆಗೆಸಿ ನೋಡುತ್ತಾರೆ. ಹೊರಗಿನ ಬೀಜ, ಕಾಳು, ಹಣ್ಣು ಏನೂ ಅಲ್ಲಿಗೆ ಹೋಗಬಾರದು. ಮೂಸುವ ನಾಯಿಯೊಂದು ಬಂದು ನಮ್ಮ ಸೂಟ್‌ಕೇಸಿನ ಮುಂದೆ ಕೂತೇಬಿಟ್ಟಿತು. ಸಿಬ್ಬಂದಿಯೊಬ್ಬ ಆ ಕಡೆ ಬೆರಳು ತೋರಿಸಿ “ಅಕ್ಕಿ, ಅಕ್ಕಿ” ಅಂತ ಕೂಗಿದ.

“ನೋಡ್ದಾ, ತೆಗೆಯಕ್ ಮುಂಚೇನೇ ಏಳ್ಬುಟ್ಟ” ಅಂದರು ನಮ್ಮವರು.

ಅವರ ಸ್ಪ್ಯಾನಿಷ್ ಭಾಷೆಯಲ್ಲಿ ‘ಅಕ್ಕಿ’ ಅಂದರೆ ‘ಇಲ್ಲಿ’ ಅಂತ ಅರ್ಥ, ಅದು ನನಗೆ ಆಮೇಲೆ ತಿಳಿಯಿತು. ಅಧಿಕಾರಿ ಹೆಂಗಸು ಬಂದು ಗಂಟು ಬಿಚ್ಚಿ, ಇದು ಯಾತಕ್ಕೆ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಮದುವೆಯಾದ ಹೆಂಗಸಿಗೆ ಹರಸಿ ಕೊಡುವುದು, ಮಡಿಲು ತುಂಬಿರಲಿ ಅಂತ, ಅಂದೆ. ಯಾವುದರಿಂದ ತುಂಬಿರಲಿ ಅಂತ, ಅಂದಳು. ಮಕ್ಕಳಿಂದ, ಅಂದೆ. ಸುಳ್ಳು ಹೇಳುವುದಕ್ಕೆ ಬರುತ್ತದೆಯೇ?

ಆಕೆ ನನ್ನ ಬಿಳಿ ಕೂದಲು ನೋಡಿದಳು. ನಮ್ಮವರ ಬೋಳು ತಲೆ ನೋಡಿದಳು. ಗಂಟನ್ನು ಎರಡು ಬೆರಳಿನಲ್ಲಿ ಎತ್ತಿ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದಳು. “ಕ್ಷಮಿಸಿ ಮೇಡಂ, ನಮ್ಮ ದ್ವೀಪಕ್ಕೆ ಹೊಸ ಜೀವಿಗಳನ್ನು ತರುವ ಹಾಗಿಲ್ಲ.”

ಟ್ರಾಫಿಕ್

ಮೊದಲ ದಿನ ಬೆಟ್ಟದ ದಾರಿಯಲ್ಲಿ ಸೈಕಲ್ ಸವಾರಿ. ನಮ್ಮವರು ಮಾಮೂಲಿ ಮಾತು ಹೇಳಿ ವ್ಯಾನು ಹತ್ತಿದರು. ನಾನು ಗೈಡಿನ ಜೊತೆ ಸೈಕಲ್ ತುಳಿದು ಊಟದ ಜಾಗ ತಲುಪಿ, ಬೆವರು ಒರೆಸಿಕೊಂಡು, ನಿಂಬೆಹಣ್ಣಿನ ಪಾನಕ ಕುಡಿದು ಮುಗಿಸಿದರೂ ವ್ಯಾನಿನ ಸುಳಿವಿಲ್ಲ. ಗಾಬರಿಯಾಗಿ ಫೋನ್ ಮಾಡಿದೆ.

“ಟ್ರಾಫಿಕ್ ಜಾಮ್ ಕಣೇ.”

“ಈ ಕಾಡಲ್ಲಿ ಎಲ್ಲಿಂದ ಬಂತು ರೀ ಟ್ರಾಫಿಕ್ಕು? ಮುಂದೆ ಎಷ್ಟು ಗಾಡಿ ಇದೆ?”

“ಗಾಡಿ ಇಲ್ಲ. ಒಂದು ಆಮೆ.”

ಅಲ್ಲಿಯ ಆಮೆ ಅಂದರೆ ನಮ್ಮ ರಾಗಿ ಬೀಸುವ ಕಲ್ಲಿನ ಹತ್ತರಷ್ಟು. ಅದು ರಸ್ತೆಗೆ ಬಂದರೆ ಯಾರೂ ಎಬ್ಬಿಸುವ ಹಾಗಿಲ್ಲ, ಹಾರ್ನ್ ಮಾಡುವ ಹಾಗಿಲ್ಲ, ತಾನಾಗಿ ದಾಟುವವರೆಗೆ ಕಾಯಬೇಕು. ಅಷ್ಟು ಹೊತ್ತು ಕೂತಿದ್ದರಲ್ಲ, ಬೇಜಾರಾಗಿರಬೇಕು ಅಂತ ನಾನು ಸಮಾಧಾನ ಹೇಳುವುದಕ್ಕೆ ಹೋದೆ.

“ಏ, ಬೇಜಾರೇನು, ಮಾಗಡಿ ರೋಡಿಗಿಂತ ವಾಸಿ ಕಣೇ” ಅಂದರು. “ಇದು ಮುಂದಕ್ಕಾದ್ರೂ ಓಯ್ತಾ ಇತ್ತು.”

ನಮ್ಮ ಕಡೆಯ ಗೈಡು

ಮಾರನೆಯ ದಿನ ಕಪ್ಪು ಲಾವಾ ಕಲ್ಲಿನ ಮೇಲೆ ಸಣ್ಣ ನಡಿಗೆ. ಬೇರೆ ದಾರಿ ಇಲ್ಲದ್ದರಿಂದ ನಮ್ಮವರೂ ಬಂದರು. ಗೈಡು ಆ ದ್ವೀಪದಲ್ಲೇ ಹುಟ್ಟಿ ಬೆಳೆದ ಮನುಷ್ಯ, ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾನೆ. ಏನಾದರೂ ತಟ್ಟನೆ ಕಂಡರೆ ಮಾತ್ರ ತನ್ನ ಭಾಷೆಗೆ ಹೋಗಿಬಿಡುತ್ತಾನೆ. ಬಂಡೆಯ ಮೇಲೆ ನೀಲಿ ಕಾಲಿನ ಹಕ್ಕಿಯೊಂದು ಕಾಲೆತ್ತಿ ಕಾಲೆತ್ತಿ ಕುಣಿಯುತ್ತಿತ್ತು. ಗೈಡು ಅತ್ತ ಕೈ ಮಾಡಿ ಪಿಸುಗುಟ್ಟಿದ. “ಅಕ್ಕಿ, ಅಕ್ಕಿ.”

ನಮ್ಮವರು ನಿಂತಲ್ಲೇ ನಿಂತರು. “ಲೇ, ಇವ್ನಿಗೆ ಕನ್ನಡ ಬತ್ತದೆ.”

“ಇಲ್ಲ ರೀ, ಅದು ಅವರ ಭಾಷೇಲಿ ‘ಇಲ್ಲಿ’ ಅಂತ.”

“ಅವ್ನು ಏನು ತೋರ್ಸ್ದ? ಅಕ್ಕಿ ತೋರ್ಸ್ದ. ಏನಂದ? ಅಕ್ಕಿ ಅಂದ. ಇನ್ನೇನ್ ಬೇಕು ನಿಂಗೆ?”

“ಅದು ಅಕ್ಕಿ ಅಲ್ಲ, ಹಕ್ಕಿ. ‘ಹ’ ಎಲ್ಲಿ ಹೋಯ್ತು?”

ನಮ್ಮಿಬ್ಬರ ಜಗಳಕ್ಕೆ ಹಕ್ಕಿ ಕುಣಿಯುವುದನ್ನು ನಿಲ್ಲಿಸಿತು. ಗೈಡು ಬಂದು ಏನು ವಿಷಯ ಅಂತ ಕೇಳಿದ. ವಿವರಿಸಿದೆ. ಅವನು ನಕ್ಕು, ನಮ್ಮಲ್ಲೂ ‘ಹ’ ಅಕ್ಷರ ಇದೆ ಮೇಡಂ, ಬರೆಯುತ್ತೇವೆ, ಆದರೆ ಯಾರೂ ಉಚ್ಚರಿಸುವುದಿಲ್ಲ ಅಂದ.

ನಮ್ಮವರು ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು. ನನ್ನ ಕಡೆ ತಿರುಗಿ ಹೇಳಿದರು. “ನೋಡ್ಕೊ. ಇವ್ರೂ ನಮ್ ಕೆಂಗೇರಿ ಕಡೆಯೋರೇ.”

ಒಂಟಿ ಸೀನು

ಕಯಾಕಿನ ದಿನ ನನಗೆ ಬಹಳ ಭರವಸೆ ಇತ್ತು. ಇಬ್ಬರು ಹಿಂದೆಮುಂದೆ ಕೂತು ಹುಟ್ಟು ಹಾಕುವ ದೋಣಿ, ಈಜು ಬರಬೇಕೆಂದಿಲ್ಲ. ಗೈಡು ಈಗ ನಮ್ಮ ಕಡೆಯವನಾಗಿದ್ದರಿಂದ ಅವನ ಮಾತಿಗೆ ಒಪ್ಪಿ, ನಮ್ಮವರು ಪ್ಯಾಂಟು ಮಡಚಿ ಒಂದು ಕಾಲನ್ನು ದೋಣಿಯೊಳಗೆ ಇಟ್ಟರು.

ದಡದ ಕಲ್ಲುಗಳ ಮೇಲೆ ಇಗುವಾನಾಗಳು ಬಿಸಿಲು ಕಾಯಿಸುತ್ತ ಬಿದ್ದಿದ್ದವು. ನಮ್ಮ ಉಡದ ಹಾಗಿರುವ ಕಪ್ಪು ಪ್ರಾಣಿ. ಸಮುದ್ರಕ್ಕೆ ಹೋಗಿ ಪಾಚಿ ತಿಂದು ಬಂದು, ಮೈಗೆ ಸೇರಿದ ಉಪ್ಪನ್ನು ಮೂಗಿನಿಂದ ಸೀನಿ ಹೊರಗೆ ಹಾಕುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಒಂದು ಇಗುವಾನಾ ‘ಫಿಶ್’ ಅಂದಿತು.

ನಮ್ಮವರ ಕಾಲು ದೋಣಿಯಿಂದ ಆಚೆ ಬಂತು. “ಒಂಟಿ ಸೀನು. ಒರಡಬಾರದು.”

“ಹಲ್ಲಿ ಜಾತಿಯ ಸೀನಿಗೆಲ್ಲ ಶಕುನ ಇಲ್ಲ ರೀ.”

“ಸೀನು ಸೀನೇ.”

ಸರಿ, ಇನ್ನೊಂದು ಸೀನಲಿ ಅಂತ ಕಾದೆವು. ಸೀನಿತು. ಜೋಡಿಯಾಯಿತು ಅಂತ ಕಾಲೆತ್ತಿದರು. ಪಕ್ಕದಲ್ಲಿದ್ದದ್ದು ಸೀನಿತು. ಕಾಲಿಳಿಸಿದರು. ಅದರಾಚೆಯದು ಸೀನಿತು, ಕಾಲೆತ್ತಿದರು. ದಡದ ತುಂಬ ಅವೇ ಇವೆ, ಯಾವುದು ಯಾವಾಗ ಸೀನುತ್ತದೆ ಅಂತ ಯಾರಿಗೆ ಗೊತ್ತು? ಮಿಕ್ಕವರೆಲ್ಲ ದೋಣಿ ಹತ್ತಿ ಹೊರಟುಹೋದರು. ಗೈಡು ಬಂದು, ಇವರಿಗೆ ಕಾಲು ಹಿಡಿದುಕೊಂಡಿದೆಯೇ ಅಂತ ಕೇಳಿದ. ಸೀನಿನ ಶಾಸ್ತ್ರ ಹೇಳಿದೆ. ಅವನು ಇಗುವಾನಾಗಳನ್ನು ಒಮ್ಮೆ, ನಮ್ಮವರನ್ನು ಒಮ್ಮೆ ನೋಡಿ ಗಂಭೀರವಾಗಿ ಅಂದ. “ಹಾಗಾದರೆ ಇವರು ಇನ್ನು ಇಲ್ಲೇ ಮನೆ ಮಾಡಿಕೊಳ್ಳುವುದು ಒಳ್ಳೆಯದು.”

ಆವತ್ತು ನಾನೊಬ್ಬಳೇ ಹುಟ್ಟು ಹಾಕಿಕೊಂಡು ಹೋದೆ. ನಡುನೀರಿನಲ್ಲಿ ನಿಜವಾಗಿ ಅಳು ಬಂತು. ಉಳಿದದ್ದು ಒಂದೇ ದಿನ.

ಕೊನೆಯ ದಿನ

ಲಾವಾ ಕಲ್ಲುಗಳ ನಡುವಿನ ಒಂದು ಕೊಲ್ಲಿ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲುಗಳು ಕಾಣುತ್ತಿದ್ದವು. ರಬ್ಬರ್ ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಕಟ್ಟಿದರು. ನಮ್ಮವರಿಗೂ ಗಾಜು, ಕೊಳವೆ, ಕಾಲಿಗೆ ಬಾತುಕೋಳಿಯಂಥ ರಬ್ಬರ್ ಪಾದ, ಎಲ್ಲ ಹಾಕಿದರು. ಹಾಕಿಸಿಕೊಂಡು ದೋಣಿಯ ಅಂಚಿನಲ್ಲಿ ಭದ್ರವಾಗಿ ಕೂತು, ಕೊಳವೆಯನ್ನು ಬಾಯಿಂದ ಪಕ್ಕಕ್ಕೆ ಸರಿಸಿ, “ನೀನ್ ಓಗು” ಅಂದರು. ನಾನು ಇನ್ನೊಂದು ಬದಿಯಿಂದ ನೀರಿಗಿಳಿದೆ. ಇಳಿಯುವಾಗ ಅವರ ಮುಖ ನೋಡಲಿಲ್ಲ.

ಅವರ ಕಡೆ ನೀರಿನಲ್ಲಿದ್ದ ಗೈಡು ಕೆಳಗೆ ಕೈ ಮಾಡಿ “ಅಕ್ಕಿ, ಅಕ್ಕಿ” ಅಂದದ್ದು ಕೇಳಿಸಿತು.

“ನೀರೊಳಗೆ ಎಂಥ ಅಕ್ಕಿ?” ನಮ್ಮವರ ಧ್ವನಿ.

“ಅಕ್ಕಿ.”

“ಅದೇ, ಎಲ್ಲಿ ಅಕ್ಕಿ?”

“ಅಕ್ಕಿ, ಸೆನ್ಯೋರ್, ಅಕ್ಕಿ.”

ಆ ದ್ವೀಪಗಳಲ್ಲಿ ಪೆಂಗ್ವಿನ್ ಇವೆ, ಪುಟ್ಟವು. ಅಂಥದ್ದೊಂದು ದೋಣಿಯ ಕೆಳಗೆ ರೊಯ್ಯನೆ ಹಾದುಹೋಯಿತು. “ಅಯ್ಯೋ, ಅಕ್ಕೀನೇ ಕಣೇ” ಅನ್ನುವುದು ಕೇಳಿತು, ಹಿಂದೆಯೇ ದೊಡ್ಡದೊಂದು ದಬಕ್.

ದೋಣಿಯನ್ನು ಸುತ್ತಿಕೊಂಡು ಈಜಿ ಬಂದೆ. ನೋಡಿದರೆ ನಮ್ಮವರು ನನಗೆ ಬೆನ್ನು ಮಾಡಿ, ಜಾಕೆಟ್ಟಿನ ಪುಣ್ಯದಿಂದ ತಲೆ ಮೇಲಿಟ್ಟುಕೊಂಡು, ಕತ್ತು ಆಚೀಚೆ ತಿರುಗಿಸದೆ ತೇಲುತ್ತಿದ್ದಾರೆ. ಅವರ ಬೆನ್ನಿಗೆ ಮೂತಿ ಆನಿಸಿಕೊಂಡು ಒಂದು ಕಡಲಸಿಂಹದ ಮರಿ ನಿಂತಿದೆ. ಗೈಡು ನನಗೆ ಅಲ್ಲೇ ಇರಿ ಅಂತ ಕೈಸನ್ನೆ ಮಾಡಿದ. ಅದೇನೂ ಮಾಡುವುದಿಲ್ಲ, ಆಟಕ್ಕೆ ಬಂದಿದೆ ಅಂತ.

ನಮ್ಮವರು ಬಾಯಿಗೆ ನುಗ್ಗಿದ ನೀರು ಉಗುಳಿದರು. ತಿರುಗಲಿಲ್ಲ.

“ಬಂದ್ಯಾ? ಅಂಗೇ ಇಡ್ಕೊಂಡಿರು, ಬಿಡ್ಬೇಡ” ಅಂದರು.

ಮರಿ ಇನ್ನೊಮ್ಮೆ ಮೆಲ್ಲಗೆ ತಳ್ಳಿತು.

“ಒಂದ್ ಮಾತ್ ಏಳ್ತೀನಿ ಕಣೇ. ನಾನು ದಡದಲ್ಲಿ ಕೂತ್ಕೊತಿದ್ದಿದ್ದು ಸೋಮಾರಿತನಕ್ಕಲ್ಲ. ನೀನು ಎಲ್ಲಾದ್ರೂ ಮುಳುಗಿಬಿಟ್ರೆ ಅಂತ ಕಣ್ ಮಿಟುಕಿಸ್ದಂಗೆ ನೋಡ್ತಾ ಇರ್ತಿದ್ದೆ. ನೀನಿಲ್ದೆ ನಂಗೆ ಆಗಲ್ಲ. ಇವಾಗ ನೀನು ಬೆನ್ನಿಗಿದೀಯ, ನಂಗೆ ಎಂಥಾ ಭಯಾನೂ ಇಲ್ಲ.”

ಮದುವೆಯಾದಾಗಿನಿಂದ ಇಂಥ ಮಾತು ಆ ಬಾಯಿಂದ ಬಂದದ್ದಿಲ್ಲ. ನನ್ನ ಗಾಜಿನೊಳಗೆಲ್ಲ ನೀರು, ಸಮುದ್ರದ್ದಲ್ಲ. ಕಡಲಸಿಂಹ ಪೂರ್ತಿ ಕೇಳಿಸಿಕೊಂಡು, ಅವರ ಕಿವಿಯ ಹತ್ತಿರ ಬಾಯಿ ತಂದು, ಗಟ್ಟಿಯಾಗಿ ‘ಆರ್ಕ್, ಆರ್ಕ್’ ಅಂತ ಬೊಗಳಿ, ಮುಳುಗಿ ಹೋಯಿತು.

ನಾನು ತಡಮಾಡದೆ ಆ ಜಾಗಕ್ಕೆ ಹೋಗಿ ಸೇರಿಕೊಂಡೆ. ಅವರು ತಿರುಗಿ ನನ್ನ ಮುಖ ನೋಡಿ, ಕೈ ಹಿಡಿದರು. ಇಬ್ಬರೂ ಮುಖ ತಗ್ಗಿಸಿ ತುಂಬ ಹೊತ್ತು ತೇಲಿದೆವು. ಕೆಳಗೆ ಆಮೆಗಳು, ಮೀನುಗಳು ಹೋಗುತ್ತಿದ್ದವು. ಕೊನೆಗೆ ಗೈಡೇ ಸಾಕು ಬನ್ನಿ ಅಂತ ಕರೆಯಬೇಕಾಯಿತು.

ನಾನು ಅವರಿಗೆ ಇವತ್ತಿನವರೆಗೂ ನಿಜ ಹೇಳಿಲ್ಲ. ಆ ಮಾತು ನನಗೆ ಸೇರಬೇಕಾದದ್ದು, ಸೇರಿದೆ, ಬಿಟ್ಟುಕೊಡಲಾರೆ. ಆದರೆ ಬಸವೇಶ್ವರನಗರದ ಮನೆಗೆ ಯಾರು ಬಂದು ಪ್ರವಾಸ ಹೇಗಿತ್ತು ಅಂತ ಕೇಳಿದರೂ ನಮ್ಮವರು ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ನೋವಿನಿಂದ ನೋಡುತ್ತಾರೆ.

“ಎಲ್ಲಾ ಚೆನ್ನಾಗಿತ್ತು ಸಾರ್. ಆದ್ರೆ ಗಂಡ ಆದೋನು ಅಪರೂಪಕ್ಕೆ ಮನಸ್ಸು ಬಿಚ್ಚಿ ಒಂದ್ ಮಾತ್ ಆಡುದ್ರೆ, ಎಂಡ್ತಿ ಆದೋಳು ಅಂಗಾ ಬೊಗಳೋದು?”