ದೇವರಿಗೆ ಮಾತ್ರ ಹೇಳಿದ ಬಾವು

ಬಾವು ಬಂದದ್ದು ಎಡ ವೃಷಣಕ್ಕೋ ಬಲ ವೃಷಣಕ್ಕೋ ಎಂಬಲ್ಲಿ ಡೊಂಬಿವಲಿಯಲ್ಲಿ ಎರಡು ಪಾಠಗಳಿವೆ, ಎರಡಕ್ಕೂ ಆಧಾರವಿದೆ. ಬಂದದ್ದು ಶನಿವಾರ ಬೆಳಿಗ್ಗೆ, ಹೋಟೆಲಿನ ಕ್ಯಾಶಿಯರ್ ರಮಾಕಾಂತ ರಾಯರಿಗೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ರಾಯರು ಭಜನಾ ಮಂಡಳಿಯ ಕಾರ್ಯದರ್ಶಿಯೂ ಹೌದು. ಪ್ರತಿ ಶನಿವಾರ ಸಂಜೆ ಭಕ್ತರ ಹರಕೆ ಚೀಟಿಗಳನ್ನು ಮೈಕಿನಲ್ಲಿ ಓದುವವರು ಅವರೇ. ಮೊದಲು ಅಂಗ, ಆಮೇಲೆ ಕಾಯಿಲೆ, ಬಳಿಕ ಹರಕೆ, ಕೊನೆಗೆ ಹೆಸರು; ಎಲ್ಲವೂ ಸ್ಪಷ್ಟವಾಗಿರಬೇಕೆಂಬ ನಿಯಮ ತಂದವರೂ ಅವರೇ. “ಏನೋ ಒಂದು ತೊಂದರೆ” ಎಂದು ಬರೆದಿದ್ದ ನೆರೆಮನೆಯ ಜಯಶೀಲರನ್ನು ಹೋದ ವಾರವಷ್ಟೇ ತುಂಬಿದ ಸಭೆಯಲ್ಲಿ, “ದೇವರು ಒಗಟು ಬಿಡಿಸ್ತಾ ಕೂರಬೇಕಾ ಮಾರಾಯ್ರೆ?” ಎಂದು ಕೇಳಿದ್ದರು.

ಅಂಥವರ ಮಾನ ಈಗ ಅಪಾಯದಲ್ಲಿತ್ತು.

“ಇಲ್ಲಿಯ ಡಾಕ್ಟ್ರುಗಳೆಲ್ಲ ನಮ್ಮ ಗಿರಾಕಿಗಳೇ. ನಾನು ಅಂಬರನಾಥಕ್ಕೆ ಹೋಗಿ ತೋರಿಸ್ತೇನೆ. ನೀನು ಯಾರಿಗೂ ಹೇಳ್ಬೇಡ” ಎಂದರು ಹೆಂಡತಿ ರಮಾಮಣಿಗೆ.

“ದೇವರಿಗೆ?”

“ದೇವರಿಗೆ ಬೇಕಾದ್ರೆ ಹೇಳು.”

ಎರಡು ದೋಣಿಗೆ ಒಂದೊಂದು ಕಾಲಿಟ್ಟವರಂತೆ ರಾಯರು ಸ್ಟೇಷನ್ನಿಗೆ ನಡೆದರು. ಪ್ಲಾಟ್‌ಫಾರ್ಮಿನಲ್ಲಿ ಜಯಶೀಲರೇ ಎದುರಾದರು.

“ಎಂತಾಯ್ತು ರಾಯ್ರೆ?”

“ಸೊಂಟ ಉಳುಕಿದೆ.”

“ಅಷ್ಟೆಯಾ! ನಾನು ಪಾಯಾಳು ಅಲ್ವಾ? ತಿರುಗಿ ನಿಲ್ಲಿ!”

ಕಾಲು ಮುಂದಾಗಿ ಹುಟ್ಟಿದವನು ಪಾಯಾಳು. ಅವನು ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ ಘಟ್ಟದ ಕೆಳಗೂ ಉಂಟು, ಕಲ್ಯಾಣದ ಕಡೆಯ ಮರಾಠಿಗರಲ್ಲೂ ಉಂಟು. ರಾಯರು “ಬೇಡ” ಎನ್ನುವಷ್ಟರಲ್ಲಿ ಶಾಸ್ತ್ರೋಕ್ತವಾಗಿ ಮೂರು ಒದೆತಗಳು ಬಿದ್ದಿದ್ದವು. ಅವರ ಕೂಗು ಕರ್ಜತ್ ಲೋಕಲಿನ ಹಾರ್ನನ್ನೂ ಮೀರಿಸಿತು.

“ಬಿಟ್ಟಿತು ನೋಡಿ!” ಎಂದು ಜಯಶೀಲರು ಬೀಗಿದರು. ಅಷ್ಟರಲ್ಲಿ ಇಬ್ಬರು ಮರಾಠಿ ಗೃಹಸ್ಥರು ಬೆನ್ನು ತೋರಿಸಿ ಸಾಲಿನಲ್ಲಿ ನಿಂತಿದ್ದರು.

ಅಂಬರನಾಥದ ಡಾಕ್ಟರು ಪರೀಕ್ಷಿಸಿ ಕೇಳಿದರು: “ಜ್ವರ? ಉರಿಮೂತ್ರ? ಈಚೆಗೆ ಕೆನ್ನೆ ಊದಿ ಮಂಗನಬಾವು? ಪೆಟ್ಟೇನಾದರೂ?”

“ಉರಿ ಉಂಟು. ಪೆಟ್ಟು ಮೂರು. ಆದ್ರೆ ಬಾವು ಬಂದದ್ದು ಅದಕ್ಕಿಂತ ಮೊದಲು.”

ಮೂತ್ರಪರೀಕ್ಷೆಯಾಯಿತು; ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಸೋನೋಗ್ರಫಿಯೂ ಆಯಿತು.

“ತಿರುಚಿಕೊಂಡಿದ್ದರೆ ಈಗಲೇ ಆಪರೇಷನ್ ಬೇಕಿತ್ತು. ಹಾಗಿಲ್ಲ. ಮೂತ್ರದ ಸೋಂಕು ಅಲ್ಲಿವರೆಗೆ ಹಬ್ಬಿದೆ. ಮಾತ್ರೆ ತಪ್ಪಿಸಬೇಡಿ, ಬಿಗಿ ಒಳಚಡ್ಡಿ ಹಾಕಿ, ಮಲಗಿ.”

ಮಲಗುವುದೆಂತು? ಸಂಜೆ ಮಂಡಳಿಯ ಭಜನೆಯಿತ್ತು. ಗುಟ್ಟು ಉಳಿಯಿತೆಂಬ ಉಲ್ಲಾಸದಲ್ಲಿ ರಾಯರು ಎಂದಿಗಿಂತ ಗಂಭೀರವಾಗಿ ಓದತೊಡಗಿದರು. ಮಂಡಿ, ಕಣ್ಣು, ಭುಜಗಳು ಮುಗಿದವು. ಮುಂದಿನ ಚೀಟಿ ಬಂತು.

“ಅಂಗ, ಬಲ ವೃಷಣ. ಕಾಯಿಲೆ, ಬಾವು. ಹರಕೆ, ಗುಣವಾದರೆ ಅದೇ ಅಳತೆಯ ಬೆಳ್ಳಿಯ ಪ್ರತಿರೂಪ...”

ಆಗ ಹೆಂಡತಿಯ ಅಕ್ಷರದ ಗುರುತು ಹತ್ತಿತು.

“ಹೆಸರು ಹೇಳಿ ರಾಯ್ರೆ!” ಎಂದರು ಜಯಶೀಲರು. “ದೇವರು ಒಗಟು ಬಿಡಿಸ್ಬೇಕಾ?”

“ಹೆಸರು... ಬರೆದಿಲ್ಲ.” ರಾಯರು ಚೀಟಿಯನ್ನು ಕಿಸೆಗೆ ತುರುಕಿ ಉಸಿರುಬಿಟ್ಟರು.

ಹೆಂಗಸರ ಸಾಲಿನಲ್ಲಿ ರಮಾಮಣಿ ಎದ್ದು ನಿಂತರು. “ಬರ್ದಿದ್ದೇನಲ್ಲ! ಕೆಳಗೆ ನೋಡಿ, ನಿಮ್ಮದೇ ಹೆಸರು!”

ರಾಯರೊಳಗಿನ ಗಂಡ ಕುಸಿದರೂ ಕಾರ್ಯದರ್ಶಿ ಕುಸಿಯಲಿಲ್ಲ. ಮೈಕು ಇನ್ನೂ ಬಾಯೆದುರಿಗೇ ಇತ್ತು.

“ಬರೆದದ್ದೇ ತಪ್ಪು ಮಾರಾಯ್ತಿ! ಬಲ ಅಲ್ಲ, ಎಡ!”